ಬಾಗಿಲಾಚೆಯ ದನಿ

ಎಂಬತ್ತು ದಾಟಿದ ಮರೆವ್ವನಿಗೆ ಉಳಿದದ್ದು ಒಂದೇ ಆಸೆ: ಸಾಯುವ ಮೊದಲು ಹೆತ್ತವ್ವನ ದನಿಯನ್ನು ಒಮ್ಮೆ ಕೇಳಬೇಕು. ರಾಮದುರ್ಗದ ಮನೆಗೆ ಆ ಮಧ್ಯಾಹ್ನ ಮೊಮ್ಮಗಳು ರೇಣು ಮೊಬೈಲಿನಲ್ಲಿ ಹಳೆಯ ಸಿನಿಮಾದ ತುಣುಕೊಂದನ್ನು ಹುಡುಕಿ ತಂದಳು.

ಹೆತ್ತವ್ವ ಸೋಮವ್ವ ಮನೋಳಿ ಊರಿನ ಸೊಸೆ. ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ ನಾಟಕ ಕಂಪನಿ ಬಿಟ್ಟು ಕೊಲ್ಹಾಪುರ ಸೇರಿದವಳು. ಚೆಂದದ ಮುಖದವರು ನಾಯಕಿಯರಾದರು. ಗಟ್ಟಿ ಗಂಟಲಿನ ಸೋಮವ್ವ ಇಪ್ಪತ್ತೆರಡಕ್ಕೇ ತಲೆಗೆ ಬಿಳಿ ಪುಡಿ ಬಳಿದುಕೊಂಡು ಗಯ್ಯಾಳಿ ಅತ್ತೆಯಾದಳು, ಕೊನೆಯವರೆಗೂ ಅತ್ತೆಯಾಗಿಯೇ ಉಳಿದಳು. ಇದ್ದದ್ದು ಒಂದೇ ಮೈಕು, ಅದೂ ನೆತ್ತಿಯ ಮೇಲೆ. ಅದಕ್ಕೆ ಮುಟ್ಟಲೆಂದು ಮಾತಿನ ಕೊನೆಯನ್ನು ಎಳೆದೆಳೆದು ಒಗೆಯುವುದೇ ಅವಳ ರೂಢಿಯಾಯಿತು.

ಒಂದು ಸಿನಿಮಾದಲ್ಲಿ ಅವಳ ಪಾತ್ರದ ಗಂಡ ಸಾಯಬೇಕಿತ್ತು. ಸಿನಿಮಾ ಕಂಪನಿ ಕೊಟ್ಟ ಬಳೆ ಒಡೆದ ಸದ್ದು ಮೈಕಿಗೆ ಸಾಲಲಿಲ್ಲ. ಸೋಮವ್ವ ಹಿಂದೆಮುಂದೆ ನೋಡದೆ ತನ್ನ ಕೈಯ ಹಸಿರು ಬಳೆಗಳನ್ನೇ ಕಲ್ಲಿಗೆ ಕುಟ್ಟಿದಳು. ಬೋಳು ಕೈಯಲ್ಲೇ ಊರಿಗೆ ಬಂದು, ನಡೆದದ್ದನ್ನು ನಗುನಗುತ್ತ ಹೇಳಿದಳು. ಪೆದ್ದಿ!

ಗಂಡನ ಅಕ್ಕ ರಾಚವ್ವ ಬಾಗಿಲಿಗೆ ಅಡ್ಡ ನಿಂತಳು. "ಗಂಡ ಜೀವಂತ ಇದ್ದಾಗ ಬಳಿ ಒಡಕೊಂಡಾಕಿ ನೀ. ನಿನ್ನ ಪಾಲಿಗೆ ನಮ್ಮ ಲಗಮಣ್ಣ ಸತ್ತ. ನಡಿ!"

ಲಗಮಣ್ಣ ತಲೆ ತಗ್ಗಿಸಿ ಒಳಗೆ ಹೋದ. ಹಾಗೆ ಸತ್ತವನು ಇನ್ನೊಂದು ಮದುವೆಯಾಗಿ ತೊಂಬತ್ತರವರೆಗೆ ಗುಂಡುಕಲ್ಲಿನಂತೆ ಬದುಕಿದ. ತೊಟ್ಟಿಲ ಕೂಸು ಮರೆವ್ವನನ್ನು ರಾಚವ್ವನೇ ಸಾಕಿದಳು. ನಿಮ್ಮವ್ವ ಕೊಲ್ಹಾಪುರದಾಗ ಪ್ಲೇಗಿಗೆ ಸತ್ಲು ಎಂದಳು. ಮರೆವ್ವ ನಂಬಿದಳು. ಸಾಕಿದ ಆ ಸೋದರತ್ತೆಯ ಫೋಟೋಕ್ಕೆ ಇಂದಿಗೂ ದಿನಾ ಮಲ್ಲಿಗೆ ಏರಿಸುತ್ತಾಳೆ.

ರೇಣು ಮೊಬೈಲಿನ ದನಿ ಏರಿಸಿದಳು. ಪರದೆಯ ಮೇಲೆ ಬಿಳಿಗೂದಲಿನ ಅತ್ತೆ, ಸೊಸೆಯನ್ನು ಹೊರಗೆ ಹಾಕಿ ಕೂಗುತ್ತಿದ್ದಳು: "ಬಾಗಲಾಆ ತಗೀಬ್ಯಾಡ್ರೀಈ!"

"ಏನ ಬಾಯಿ ಆಯಿ, ನಿಮ್ಮವ್ವಂದು!" ಎಂದು ರೇಣು ನಕ್ಕಳು.

ಮರೆವ್ವ ನಗಲಿಲ್ಲ. "ಈ ದನಿ ನಾ ಕೇಳೇನಿ," ಎಂದಳು.

"ಹೆಂಗ ಕೇಳ್ತಿ? ನೀ ತೊಟ್ಟಿಲದಾಗ ಇದ್ದಿ."

"ತೊಟ್ಟಿಲದಾಗ ಅಲ್ಲ. ನನ್ನ ಲಗ್ನದಾಗ."

ಆ ದಿನ ಮರೆವ್ವ ಮಣೆಯ ಮೇಲೆ ಸೆರಗೊಡ್ಡಿ ಕೂತಿದ್ದಳು, ಮುತ್ತೈದೆಯರು ಉಡಿ ತುಂಬುತ್ತಿದ್ದರು. ಹೊರಗೆ ಯಾರೋ ಹೆಂಗಸು ಕೂಗಿದ್ದು ಒಳಕೋಣೆಗೂ ಕೇಳಿತ್ತು: "ಬಾಗಲಾಆ ತಗೀರೀಈ... ಉಡಿ ತುಂಬಿ ಹೋಗ್ತೇನೀಈ..." ರಾಚವ್ವ ಹೋಗಿ ಅಗಳಿ ಹಾಕಿ ಬಂದಳು. ಯಾವಾಕಿಯೋ ಹುಚ್ಚಿ, ಬೇಡಾಕ ಬಂದಾಳ ಎಂದಳು.

ಮರೆವ್ವ ಗೋಡೆಯ ಮೇಲಿನ ರಾಚವ್ವನ ಫೋಟೋ ನೋಡಿದಳು. ಬೆಳಿಗ್ಗೆ ತಾನೇ ಏರಿಸಿದ ಮಲ್ಲಿಗೆ ಇನ್ನೂ ಬಾಡಿರಲಿಲ್ಲ.

"ಆ ಹೂವ ತಗದ ಒಗಿ, ರೇಣು."

"ಯಾಕ ಆಯಿ? ಏನಾತು?"

"ಲಗ್ನದ ಮನಿ, ಬೇಡಾಕ ಬಂದಾಕೀನ ಬರಿಗೈಲೆ ಕಳಸಬಾರದು, ಒಂದ ಹೋಳಗಿ ಕೊಡ್ರಿ ಅತ್ತಿ ಅಂತ ನಾನ ಹೇಳಿದ್ದೆ." ಎಂದಳು ಮರೆವ್ವ. "ಕಿಡಕ್ಯಾಗಿಂದ ಕೊಟ್ಟರು. ಮದುಮಗಳ ಕೊಟ್ಟಾಳಂತ ಕೇಳಿ, ಸೆರಗೊಡ್ಡಿ ಇಸಗೊಂಡ ಹೋದ್ಲಂತ."