ಸೋಮವಾರ ಹಾಕದ ಟೇಪು

ಸಹೃದಯ ವಾಚಕ ಮಹಾಶಯರೇ, ಮತ್ಸರವು ಅರಮನೆಗಳಲ್ಲಷ್ಟೇ ವಾಸಿಸುವುದೆಂದು ತಾವು ಬಗೆದಿದ್ದರೆ, ೧೯೯೯ರ ಆಶ್ವೀಜದಲ್ಲಿ ಬೈಲಹೊಂಗಲ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಗೆ ದಯಮಾಡಿಸಬೇಕು.

ಆ ಕೋಣೆಯಲ್ಲಿ ಆರು ವರ್ಷ ಗೌರೀಶನದೇ ದರ್ಬಾರು. ಯಾವ ರೈತ ಯಾವಾಗ ಕಬ್ಬು ನಾಟಿ ಮಾಡಿದನೆಂಬುದೆಲ್ಲ ಕಂಪ್ಯೂಟರಿನಲ್ಲಿತ್ತು. ಕಟಾವಿನ ಪಾಳಿ ನಿಂತಿದ್ದುದೇ ಅದರ ಮೇಲೆ. ಹಂಗಾಮಿನ ಮೊದಲಿಗೆ ಎಲ್ಲ ಫೈಲುಗಳನ್ನೂ, ಆಮೇಲೆ ಆಯಾ ದಿನದ ಹೊಸ ನೋಂದಣಿಯನ್ನಷ್ಟೇ, ಡಿಸ್ಕು ಕೆಟ್ಟರೆ ಮರಳಿ ಪಡೆಯಲೆಂದು ಅವನು ಟೇಪಿಗೆ ಇಳಿಸಿಡುತ್ತಿದ್ದ. ಸೋಮವಾರ ಮಾತ್ರ ಟೇಪು ಹಾಕುತ್ತಿರಲಿಲ್ಲ. ಎತ್ತಿಗೆ ನೊಗ ಹೇರದ ದಿನ ಯಂತ್ರಕ್ಕೂ ಹೆಚ್ಚಿನ ದುಡಿತ ಬೇಡವೆಂಬುದು ಅವನ ನೇಮ. ಡಿಸ್ಕು ಒಮ್ಮೆಯೂ ಕೆಡದ ಕಾರಣ ಕೇಳುವವರಿರಲಿಲ್ಲ.

ಆ ವರ್ಷ ಬೆಳಗಾವಿಯಲ್ಲಿ ಕಲಿತ ಸಾಯಿರಾ ಕೆಲಸಕ್ಕೆ ಬಂದಳು. ದಿನವೂ ತನ್ನದೇ ಟೇಪಿಗೆ ಎಲ್ಲ ಫೈಲುಗಳ ನಕಲು ತೆಗೆಯುವಳು. ಶನಿವಾರ ಅದನ್ನು ಹಳೆಯ ಕಂಪ್ಯೂಟರಿಗೆ ಇಳಿಸಿ, ಸರಿಯಾಗಿ ಬಂತೇ ಎಂದು ನೋಡುವಳು.

“ಬಿತ್ತಿದ ಬೀಜಾನ ವಾರಕ್ಕೊಮ್ಮಿ ಕೆದರಿ ನೋಡತಿಯಲ್ಲ ತಂಗಿ, ನಿಮ್ಮ ಮನ್ಯಾಗ ಹಿಂಗ ಒಕ್ಕಲತನ ಮಾಡತಾರೇನು?” ಎಂದು ಗೌರೀಶ ಕೆಣಕಿದ.

“ನಮ್ಮ ಮನ್ಯಾಗ ಒಕ್ಕಲತನ ಇಲ್ರಿ ಅಣ್ಣಾರ, ಹೊಲಿಗಿ ಕೆಲಸ ಐತಿ. ಹೊಲಿದದ್ದನ್ನ ಒಮ್ಮಿ ತೊಡಿಸಿ ನೋಡತೇವ್ರಿ.”

ಮ್ಯಾನೇಜರ್ ಲಕ್ಕಪ್ಪನವರು ಹೊಟ್ಟೆ ಹಿಡಿದು ನಕ್ಕರು. ಆ ನಗು ಗೌರೀಶನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು. ಮರುದಿನದಿಂದ ಚಹಾ ಮೊದಲು ಅವಳ ಮೇಜಿಗೆ ಹೋಗತೊಡಗಿತು. ಅವನು ಚಹಾ ಬಿಟ್ಟ.

ಕಬ್ಬು ನುರಿಸಲು ಎಂಟು ದಿನವಿರುವಾಗ ಡಿಸ್ಕು ಕರಕರನೆ ಸದ್ದು ಮಾಡಿ ಸತ್ತಿತು. ಹುಬ್ಬಳ್ಳಿಯಿಂದ ಹೊಸದು ಬಂದಾಗ ಸಾಯಿರಾ ತನ್ನ ಟೇಪು ಚಾಚಿದಳು.

“ಆರು ವರ್ಷ ಇದನ್ನ ಸಾಕಿದಾಂವ ನಾ. ನಿಂದು ಇರ್ಲಿ ಬಿಡು,” ಎಂದು ಗೌರೀಶ ತನ್ನ ಟೇಪುಗಳನ್ನೇ ಒಂದೊಂದಾಗಿ ಹಾಕಿ, ಪಾಳಿಯ ಪಟ್ಟಿ ತೆಗೆದು, ಹಲಗೆಗೆ ತಾನೇ ಅಂಟಿಸಿದ.

ಮರುಮುಂಜಾನೆ ಮುರಗೋಡದ ರೈತ ಭರಮಪ್ಪ ಬಂದ. “ನನ್ನ ಹೆಸರ ಇಲ್ಲಲ್ರಿ. ನಮ್ಮ ಓಣ್ಯಾಗಿನ ಹನ್ನೊಂದ ಮಂದೀದೂ ಇಲ್ಲ.”

“ಎಂದ ಬರಸಿದ್ದಿ?”

“ಸೋಮಾರರೀ. ಅವತ್ತ ಎತ್ತ ಹೂಡಂಗಿಲ್ಲ, ಅದಕ್ಕ ಇತ್ತ ಬರತೇವಿ. ಬ್ಯಾರೆ ದಿನ ಪುರಸೊತ್ತ ಎಲ್ಲೈತ್ರಿ?”

ಗೌರೀಶನಿಗೆ ತಟ್ಟನೆ ಹೊಳೆಯಿತು. ಸೋಮವಾರದ ಗದ್ದಲದಲ್ಲಿ ಆ ಹೆಸರುಗಳನ್ನು ಕಂಪ್ಯೂಟರಿಗೆ ಬೆರಳು ನೋಯುವಷ್ಟು ಬಡಿದವನು ತಾನೇ, ಅಂದು ಟೇಪು ಹಾಕದವನೂ ತಾನೇ.

ಸಾಯಿರಾ ತನ್ನ ಟೇಪು ಹಾಕಿದಳು. ತಾಸು ಹೊತ್ತಿನಲ್ಲಿ ನಾನೂರು ಹೆಸರು ಮರಳಿ ಬಂದವು. ಲಕ್ಕಪ್ಪನವರು ಕಾರಣ ಕೇಳಿದರೆ, “ಅಣ್ಣಾರ ಟೇಪ ಹಳೇವರೀ ಸಾಹೇಬ್ರ, ಸವದಿದ್ದು,” ಎಂದಳು.

ಅವಳು ಬೈದಿದ್ದರೆ ಗೌರೀಶ ತಡೆದುಕೊಳ್ಳುತ್ತಿದ್ದ. ವಿದ್ಯೆ ಅವಳದು, ಹೆಸರು ಅವಳದು. ಇನ್ನು ದೊಡ್ಡ ಮನಸ್ಸೂ ಅವಳ ಪಾಲಿಗೇ ಹೋಯಿತೇ?

“ಸವದಿಲ್ರಿ. ಸೋಮಾರ ನಾ ಟೇಪ ಹಾಕೇ ಇಲ್ಲ,” ಎಂದ.

ಲಕ್ಕಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಗೌರೀಶ ತನ್ನ ಮೇಜಿನ ಖಾನೆಯಿಂದ ಬಾಚಣಿಕೆ, ಟವೆಲು, ಬುತ್ತಿಡಬ್ಬಿ ತೆಗೆದು ಕೈಚೀಲಕ್ಕೆ ತುಂಬಿದ. ಬಾಗಿಲಲ್ಲಿ ಒಮ್ಮೆ ತಿರುಗಿದ. ಸಾಯಿರಾ ಟೇಪಿನ ಮೇಲೆ ವಾರ, ತಾರೀಖು ಬರೆಯುತ್ತಿದ್ದಳು. ಅವಳ ಅಕ್ಷರವೂ ತನ್ನದಕ್ಕಿಂತ ದುಂಡಗಿತ್ತು. ಅವನು ಚೀಲ ಹೆಗಲಿಗೇರಿಸಿ, ತನ್ನೂರು ರಾಮದುರ್ಗದ ಬಸ್ಸು ಹಿಡಿಯಲು ಹೊರಟ.