ಶಾರ್ಟ್‌ವೇವಿನ ಸಿಳ್ಳೆ

'ಒಂದು ಸ್ಟೂಲಿಗೋಸ್ಕರ ಇಷ್ಟೊಂದು ಹೊಟ್ಟೆ ಉರಿದುಕೊಳ್ಳುವವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಇದು ಕಾಯಿಲೆಯೋ ಏನೋ.' ಬೆಳಿಗ್ಗೆ ಡೈರಿಯಲ್ಲಿ ಹೀಗೆ ಬರೆದವಳು, ಯಾರಾದರೂ ಓದಿಯಾರೆಂದು 'ಸ್ಟೂಲಿಗೋಸ್ಕರ' ಎಂಬ ಮಾತನ್ನು ಹೊಡೆದುಹಾಕಿದಳು. ಆಗ ವಾಕ್ಯ ಇನ್ನೂ ಕೆಟ್ಟದಾಗಿ ಕಂಡಿತು. ಡೈರಿ ಮುಚ್ಚಿ ದಿಂಬಿನ ಕೆಳಗೆ ತುರುಕಿದಳು.

ಮನೆಯ ಮುಂದಿನ ಕೋಣೆಯೇ ಅಪ್ಪನ ರೇಡಿಯೋ ರಿಪೇರಿ ಅಂಗಡಿ. ಉದ್ದನೆಯ ಮೇಜು, ಅದರ ಹಿಂದೆ ಅಪ್ಪನ ಕುರ್ಚಿ, ಕುರ್ಚಿಯ ಎಡಕ್ಕೆ ಆ ಸ್ಟೂಲು. ಡಿಗ್ರಿ ಮುಗಿಸಿ, ನಾಲ್ಕು ಕಡೆ ಸಂದರ್ಶನಕ್ಕೆ ಹೋಗಿ, ನಾಲ್ಕೂ ಕಡೆ ಬಾಯಿಗೆ ಬೀಗ ಬಿದ್ದು ವಾಪಸು ಬಂದವಳು ಎರಡು ವರ್ಷದಿಂದ ಅದರ ಮೇಲೆಯೇ ಕೂತಿದ್ದಳು. ಓದಿದ ಹುಡುಗಿ ಸ್ಕ್ರೂ ಎಣಿಸುತ್ತಾ ಕೂತಿದ್ದಾಳೆ ಎಂದು ನೆಂಟರು ಆಡಿಕೊಂಡರು. ಅವರಿಗೇನು ಗೊತ್ತು? ಆ ಸ್ಟೂಲಿನ ಮೇಲೆ ಅವಳಿಗೆ ಒಂದು ಕೆಲಸವಿತ್ತು. ಅವಳಿಗೂ ಅಪ್ಪನಿಗೂ ಬಿಟ್ಟರೆ ಮೂರನೆಯವರಿಗೆ ತಿಳಿಯದ ಕೆಲಸ.

ಅಪ್ಪನಿಗೆ ಸಣ್ಣ ದನಿ ಕೇಳಿಸುವುದಿಲ್ಲ. ಮಾತು ಕೇಳಿಸುತ್ತದೆ, ಬಾಗಿಲು ಬಡಿದರೆ ಕೇಳಿಸುತ್ತದೆ. ಸೊಳ್ಳೆ ಕಿವಿಯ ಹತ್ತಿರವೇ ಹಾಡಿದರೂ ಗೊತ್ತಾಗುವುದಿಲ್ಲ. ಹಳೆಯ ರೇಡಿಯೋದ ಒಂದು ಬ್ಯಾಂಡು ಸತ್ತಾಗ ಅವರು ಮಾಡುವ ಮೊದಲ ಪರೀಕ್ಷೆಗೆ ಬೇಕಾದದ್ದು ಅಂಥ ಸೊಳ್ಳೆ ದನಿಯೇ. ಪಕ್ಕದಲ್ಲಿ ಒಂದು ಒಳ್ಳೆಯ ರೇಡಿಯೋ ಇಟ್ಟು, ಅದನ್ನು ಯಾವುದಾದರೂ ಸ್ಟೇಷನ್ನಿಗೆ ಹಚ್ಚಿ, ಕೆಟ್ಟದ್ದರ ಮುಳ್ಳನ್ನು ಮೆಲ್ಲಗೆ ತಿರುಗಿಸಬೇಕು. ಕೆಟ್ಟದ್ದರೊಳಗಿನ ಕಾಯಿಲು, ಅಂದರೆ ತಂತಿಯ ಸುರುಳಿ, ಬದುಕಿದ್ದರೆ ಒಳ್ಳೆಯದರ ಸ್ಪೀಕರಿನಲ್ಲಿ ಒಂದು ಸಿಳ್ಳೆ ಹಾದುಹೋಗುತ್ತದೆ. ಬಂದರೆ ಕಾಯಿಲಿನ ತಂಟೆಗೆ ಹೋಗುವುದು ಬೇಡ, ದೋಷ ಬೇರೆಲ್ಲೋ ಇದೆ. ಬಾರದಿದ್ದರೆ ಕಾಯಿಲನ್ನೇ ಕೀಳಬೇಕು. ಮೀಡಿಯಂ ವೇವಿನಲ್ಲಿ ಆ ಸಿಳ್ಳೆ ಸಾವಕಾಶವಾಗಿ ಬರುತ್ತದೆ. ಶಾರ್ಟ್‌ವೇವಿನಲ್ಲಿ ಸುಯ್ ಎಂದು ಬಂದದ್ದೇ ಹೋಗಿಬಿಡುತ್ತದೆ.

ಎರಡು ವರ್ಷದ ಹಿಂದೆ ಒಮ್ಮೆ ಅಪ್ಪ ಸಿಳ್ಳೆಯನ್ನು ದಾಟಿಕೊಂಡು ಮುಳ್ಳು ತಿರುಗಿಸುತ್ತಲೇ ಹೋದಾಗ ಅವಳು ಸುಮ್ಮನೆ ಮೇಜಿನ ಮೇಲೆ ಬೆರಳಿನಿಂದ ಟಕ್ ಎಂದಿದ್ದಳು. ಅವರ ಕೈ ಅಲ್ಲೇ ನಿಂತಿತ್ತು. ಅವರು ಏನೂ ಕೇಳಲಿಲ್ಲ, ಇವಳು ಏನೂ ಹೇಳಲಿಲ್ಲ. ಅಂದಿನಿಂದ ಅದೇ ರೂಢಿ. ಊರವರ ಬಾಯಲ್ಲಿ ಅಪ್ಪನ ಕಿವಿ ಸಣ್ಣ ಸದ್ದನ್ನೂ ಹಿಡಿಯುವ ಹಾವಿನ ಕಿವಿಯಾಗಿಯೇ ಉಳಿಯಿತು.

ಮೂರು ತಿಂಗಳ ಹಿಂದೆ ಅಣ್ಣನಿಗೆ ಮದುವೆಯಾಗಿ ಅತ್ತಿಗೆ ಬಂದಳು. ಬಂದವಳು ಒಂದು ವಾರಕ್ಕೆಲ್ಲ ಅಂಗಡಿಗೂ ಬಂದಳು. ಇವಳ ಸ್ಟೂಲಿನ ಮೇಲೆ ಕೂತು ಗಿರಾಕಿಗಳೊಡನೆ ಹರಟಿದಳು, ಅಪ್ಪನ ಕನ್ನಡಕ ಒರೆಸಿಕೊಟ್ಟಳು, ರೇಡಿಯೋದೊಳಗಿನ ಪುಟಾಣಿ ಟ್ರಾನ್ಸಿಸ್ಟರಿಗೆ 'ಮೂರು ಕಾಲಿನ ಜಿರಳೆ' ಎಂದು ಹೆಸರಿಟ್ಟಳು. ವರ್ಷಕ್ಕೊಮ್ಮೆ ನಗುವ ಅಪ್ಪ ಆ ಮಾತಿಗೆ ಕೆಮ್ಮು ಬರುವಷ್ಟು ನಕ್ಕರು. ಮೊನ್ನೆ ಅವಳನ್ನು 'ಪುಟ್ಟಾ' ಎಂದು ಕರೆದರು. ಆ ಹೆಸರು ಇವಳದು. ಅನ್ನದ ತಟ್ಟೆಯ ಮುಂದೆ ಕೂತು ಇವಳು ಒಂದೇ ತುತ್ತನ್ನು ಬಹಳ ಹೊತ್ತು ಅಗಿದಳು.

ಆ ಮಧ್ಯಾಹ್ನ ಮೇಜಿನ ಮೇಲೆ ಒಬ್ಬ ನಿವೃತ್ತ ನರ್ಸಮ್ಮನ ರೇಡಿಯೋ ಬಿಚ್ಚಿಕೊಂಡು ಮಲಗಿತ್ತು. ಚರ್ಮದ ಕವಚ, ಹಳದಿಯಾದ ಡಯಲು. ಮೀಡಿಯಂ ವೇವು ಗಂಟಲು ಬಿಚ್ಚಿ ಹಾಡುತ್ತಿತ್ತು. ಶಾರ್ಟ್‌ವೇವಿಗೆ ಹಾಕಿದರೆ ಬರೀ ಬುಸ್ ಬುಸ್.

"ಇದರ ಕಾಯಿಲು ಈಗೆಲ್ಲೂ ಸಿಗಲ್ಲ. ಹುಷಾರಾಗಿ ನೋಡ್ಬೇಕು" ಎಂದರು ಅಪ್ಪ. "ಬಾ ಪುಟ್ಟಾ, ಕೂತ್ಕೋ. ಕಲೀಬೇಕು ಅಂತಿದ್ಯಲ್ಲ."

ಪುಟ್ಟಾ ಎಂದಾಗ ಎದ್ದದ್ದು ಇಬ್ಬರೂ. ಸ್ಟೂಲಿನ ಮೇಲೆ ಕೂತದ್ದು ಅತ್ತಿಗೆ.

"ಏನೇ ಗುಮ್ಮನಗುಸುಕಿ, ನಿನ್ನ ಸಿಂಹಾಸನ ಕಿತ್ಕೊಂಡೆ ಅಂತ ಕೋಪಾನಾ?" ಅತ್ತಿಗೆ ಕಿಸಕ್ಕನೆ ನಕ್ಕಳು.

"ಇಲ್ಲಪ್ಪ" ಎಂದು ಇವಳು ಮೇಜಿನ ತುದಿಗೆ ಸರಿದು, ಸ್ಕ್ರೂಗಳ ಡಬ್ಬಿ ಎಳೆದುಕೊಂಡಳು.

ಅಪ್ಪ ಒಳ್ಳೆಯ ರೇಡಿಯೋವನ್ನು ಪಕ್ಕಕ್ಕಿಟ್ಟು ಹಚ್ಚಿದರು. ಕೆಟ್ಟದ್ದರ ಮುಳ್ಳು ಸರಿಯತೊಡಗಿತು. ಇವಳು ತಲೆ ಎತ್ತಲಿಲ್ಲ, ಆದರೆ ಮೈಯೆಲ್ಲ ಕಿವಿಯಾಗಿತ್ತು.

ಸುಯ್.

ಬಂತು. ಬೆರಳು ತಾನಾಗಿ ಮೇಲೆದ್ದಿತು. ಅಪ್ಪ ಕೈ ನಿಲ್ಲಿಸದೆ ಕಣ್ಣಂಚಿನಲ್ಲೇ ಇವಳತ್ತ ನೋಡಿದರು. ಇವಳು ಬೆರಳನ್ನು ಡಬ್ಬಿಯೊಳಗೆ ಇಳಿಸಿದಳು. ತಟ್ಟಲಿ, ನಿಮ್ಮ ಹೊಸ ಪುಟ್ಟಾನೇ ತಟ್ಟಲಿ.

ಅಪ್ಪ ಮತ್ತೊಮ್ಮೆ ತಿರುಗಿಸಿದರು. ಮತ್ತೆ ಬಂತು. ಮತ್ತೆ ನೋಡಿದರು. ಮೂರನೆಯ ಸಲವೂ ಅಷ್ಟೇ. ಒಳಗೊಳಗೇ ಅವಳಿಗೆ ಒಂದು ಹಾಳು ಸಂತೋಷವಾಯಿತು. ಗಾಯದ ಹಕ್ಕಳೆ ಕೀಳುವಾಗ ಆಗುವಂಥದ್ದು.

"ಕಾಯಿಲೇ ಹೋಗಿದೆ" ಎಂದು ಅಪ್ಪ ಉಸಿರುಬಿಟ್ಟರು.

"ಮಾವ, ನಂಗೇನೋ ಸುಯ್ ಅಂದ ಹಾಗಾಯ್ತು" ಎಂದಳು ಅತ್ತಿಗೆ.

"ಅಂಥ ಸದ್ದು ಸಾವಿರ ಬರ್ತವಮ್ಮ."

"ಹಂಗಲ್ಲ, ಸಣ್ಣಗೆ, ಪಿಸುಗುಟ್ಟಿದ ಹಾಗೆ..."

"ಸಿಳ್ಳೆ ಬಂದಿದ್ರೆ ನಮ್ಮವಳು ಸುಮ್ನಿರ್ತಿದ್ಲಾ?" ಎಂದರು ಅಪ್ಪ, ಬೆಸುಗೆ ಕಡ್ಡಿಯ ಪ್ಲಗ್ಗು ಹಾಕುತ್ತಾ.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. "ಇವಳಾ? ಇವಳು ಸುಮ್ನಿರದೇ ಇರೋದು ಯಾವಾಗ ಮಾವ? ಬೆಳಿಗ್ಗೆಯಿಂದ ಆಡಿದ್ದು ಒಂದು 'ಇಲ್ಲಪ್ಪ'!"

ಅಪ್ಪ ನಗಲಿಲ್ಲ. ಅವರ ಕಿವಿಯ ತುದಿ ಕೆಂಪಾಯಿತು. ಹೇಳಬಾರದ್ದನ್ನು ಹೇಳಿಬಿಟ್ಟವರಂತೆ ಕನ್ನಡಕ ಸರಿಮಾಡಿಕೊಂಡು ರೇಡಿಯೋದ ಮೇಲೆ ಬಾಗಿದರು.

ನಮ್ಮವಳು. ಇವಳ ಕೈಯಲ್ಲಿದ್ದ ಸ್ಕ್ರೂ ಜಾರಿತು. ಪಕ್ಕದಲ್ಲಿ ಯಾರೇ ಕೂರಲಿ, ಅಪ್ಪ ಕೇಳಿಸಿಕೊಳ್ಳುತ್ತಿದ್ದದ್ದು ಇವಳ ಬೆರಳನ್ನೇ. ಇವಳ ಮೌನವನ್ನೂ ಅವರು ಸತ್ಯವೆಂದೇ ನಂಬಿ, ಈಗ ಆ ನಂಬಿಕೆಯ ಮೇಲೆ ಕಾಯಿಲು ಕೀಳಲು ಹೊರಟಿದ್ದರು. ಕೂದಲಿಗಿಂತ ತೆಳ್ಳಗಿನ ತಂತಿ, ಅದರ ಮೇಲೆ ಗಟ್ಟಿಯಾದ ಹಳೆಯ ಮೇಣ. ಕಿತ್ತರೆ ಮತ್ತೆ ಜೋಡಿಸಲಾಗದು.

ಬೆಸುಗೆ ಕಡ್ಡಿಯ ತುದಿಯಿಂದ ಹೊಗೆಯೆದ್ದಿತು. ಈಗ ಮೇಜು ತಟ್ಟಿದರೆ? ಅಪ್ಪನ ಕೈ ಖಂಡಿತ ನಿಲ್ಲುತ್ತದೆ. ಮುಳ್ಳು ಅಲುಗಿ ಈಗಷ್ಟೇ ಸಿಳ್ಳೆ ಕೇಳಿಸಿತು ಎಂದುಕೊಳ್ಳುತ್ತಾರೆ, ಇವಳೂ ಬಚಾವು. ಆದರೆ ಇಷ್ಟು ದಿನ ಆ ಬೆರಳು ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಕಡ್ಡಿ ಮೇಣಕ್ಕೆ ಒಂದು ಬೆರಳಗಲ ದೂರದಲ್ಲಿತ್ತು.

"ಅಪ್ಪಾ!"

ದನಿ ಎಷ್ಟು ಜೋರಾಗಿ ಬಂತೆಂದರೆ ಅತ್ತಿಗೆ ಬೆಚ್ಚಿ ಮೇಜು ಹಿಡಿದುಕೊಂಡಳು. ಅಪ್ಪ ಕಡ್ಡಿಯನ್ನು ಹಾಗೆಯೇ ಎತ್ತಿಹಿಡಿದು ತಿರುಗಿದರು. ಸಂದರ್ಶನಗಳಲ್ಲಿ ಬಾಯಿಗೆ ಬಿದ್ದ ಬೀಗ ಮತ್ತೆ ಬೀಳುವ ಮೊದಲೇ ಇವಳು ಹೇಳಿಬಿಟ್ಟಳು.

"ಸಿಳ್ಳೆ ಮೂರು ಸಲವೂ ಬಂತು. ಅತ್ತಿಗೆ ಮೇಲಿನ ಹೊಟ್ಟೆಕಿಚ್ಚಿಗೆ ನಾನೇ ಬೇಕಂತ ತಟ್ಟಲಿಲ್ಲ."