ಕೈಸಹಾಯ

ಪಾಲಿಬೆಟ್ಟದ ಎಸ್ಟೇಟ್ ಲೈನಿನ ಕೂಲಿಮನೆಗಳ ಸಾಲಿನಲ್ಲಿ ಕೋಳಿ ಕೂಗುವ ಮೊದಲೇ ಸಿದ್ದಮ್ಮನ ಒಲೆ ಉರಿಯುತ್ತದೆ. ಗಂಡ ಪುಟ್ಟರಾಜುವಿಗೂ ಮಗಳು ಯಮುನಳಿಗೂ ರೊಟ್ಟಿ ಬಡಿದಿಟ್ಟು, ಗಂಡನ ಹಿಂದೆ ಪಿಕ್ಕಿಂಗಿಗೆ ಹೊರಟರೆ ಸಂಜೆಯವರೆಗೂ ಕಾಫಿ ಹಣ್ಣು ಕೀಳುತ್ತಾಳೆ. ಕಿತ್ತದ್ದೆಲ್ಲ ಗಂಡನ ಮೂಟೆಗೆ, ಕೂಲಿಯೂ ಗಂಡನ ಹೆಸರಿಗೆ. ಅವಳದು ಕೆಲಸವಲ್ಲವಂತೆ, ಕೈಸಹಾಯವಂತೆ! ಈ ಹಾಳು ಪದ್ಧತಿಯನ್ನು ಹುಟ್ಟುಹಾಕಿದ ಪುಣ್ಯಾತ್ಮ ಯಾರೋ, ಅವನ ಹೆಂಡತಿಯನ್ನೇ ಕೇಳಬೇಕು.

ಒಂದು ಭಾನುವಾರ ಬಾಗಿಲಿಗೆ ಬಂದ ಸರ್ವಮಂಗಳ ಮೇಡಂ ಅರ್ಥಶಾಸ್ತ್ರದ ಪ್ರೊಫೆಸರ್. ಓರಗೆಯವರೆಲ್ಲ ಕುರ್ಚಿ ಬಿಟ್ಟೇಳದೆ ಕೂಲಿಕಾರರ ಬಗ್ಗೆ ಪುಸ್ತಕ ಬರೆಯುತ್ತಿದ್ದ ಕಾಲದಲ್ಲೇ, ದುಡಿಮೆಯ ಸತ್ಯವನ್ನು ದುಡಿಯುವವರ ಬಾಯಿಂದಲೇ ಕೇಳಬೇಕೆಂದು ಲೈನು ಲೈನು ಸುತ್ತಿದವರು. 'ಇದು ಸಂಶೋಧನೆಯೋ, ಊರು ಸುತ್ತಾಟವೋ?' ಎಂದು ನಕ್ಕವರ ಶಿಷ್ಯರು ಈಗ ಅದೇ ದಾರಿ ಹಿಡಿದಿದ್ದಾರೆ. ತಲೆ ನರೆತರೂ ಮೇಡಂ ತಿರುಗಾಟ ನಿಂತಿಲ್ಲ.

ಸಿದ್ದಮ್ಮನಿಗೆ ಇದೆಲ್ಲ ಏನು ಗೊತ್ತು? ಬೆಳ್ಳಗಿರುವುದೆಲ್ಲ ಹಾಲಲ್ಲ. ಧಣಿ ಕಳಿಸಿದವಳೋ, ರೇಷನ್ ಕಾರ್ಡು ಕಿತ್ತುಕೊಳ್ಳಲು ಬಂದವಳೋ ಎಂದು ಬಾಗಿಲಿಗೆ ಅಡ್ಡ ನಿಂತಳು.

"ನೀವೇನು ಕೆಲ್ಸ ಮಾಡ್ತೀರಮ್ಮ?" ಮೇಡಂ ಕೇಳಿದರು.

"ನಾನಾ? ಏನೂ ಮಾಡಲ್ಲ. ಮನೇಲೇ ಇರ್ತೀನಿ."

ಮೇಡಂ ಅವಳ ಬೆರಳು ನೋಡಿದರು. ಹಣ್ಣಿನ ಅಂಟಿಗೆ ಕಪ್ಪಾಗಿ, ಕೆಂಜಿಗ ಕಚ್ಚಿದಲ್ಲೆಲ್ಲ ಊದಿದ್ದವು. "ಮನೇಲಿ ಕೆಂಜಿಗ ಜಾಸ್ತಿನಾ?"

ಸಿದ್ದಮ್ಮ ಕೈಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

ಪುಟ್ಟರಾಜು ನಡುವೆ ಬಾಯಿ ಹಾಕಿದ. "ನಂಗೆ ಕೈಸಹಾಯಕ್ಕೆ ಬತ್ತಾಳೆ, ಅಷ್ಟೇಯ ಮೇಡಂ. ನಮ್ಮಪ್ಪನ ಕಾಲದಿಂದ್ಲೂ ಹಿಂಗೇ. ನಾಡಿದ್ದಿಂದ ಯಮುನನೂ ಬತ್ತಾಳೆ. ಹಣ್ಣು ಉದುರ್ತಾ ಐತೆ, ಸ್ಕೂಲೆಲ್ಲಿ ಓಡೋಯ್ತದೆ?"

ಸಿದ್ದಮ್ಮ ಬೆಚ್ಚಿದಳು. ಇದು ಅವಳಿಗೂ ಹೊಸ ಸುದ್ದಿ. ಅವಳನ್ನೂ ಹೀಗೆಯೇ ಏಳನೇ ಕ್ಲಾಸಿನಿಂದ ತೋಟಕ್ಕೆ ಎಳೆದಿದ್ದರು. ಒಂದು ಸೀಸನ್ನು ಅಂದದ್ದು ಜನ್ಮಪೂರ್ತಿ ಆಯಿತು.

ಮೇಡಂ ಮೂಲೆಯಲ್ಲಿ ಓದುತ್ತಿದ್ದ ಯಮುನಳನ್ನು ನೋಡಿದರು. "ಇಷ್ಟು ಚಿಕ್ಕ ಹುಡ್ಗೀನ ಲೆಕ್ಕ ಬರೆಯೋ ರೈಟರು ಕೆಲ್ಸಕ್ಕೆ ಸೇರಿಸ್ಕೊಳ್ತಾರಾ ಪುಟ್ಟರಾಜು?"

"ಎಲ್ಲಿ ಸೇರಿಸ್ಕತಾರೆ? ಕೇಸಾಯ್ತದೆ."

"ಕೈಸಹಾಯಕ್ಕೆ ಅಂದ್ರೆ?"

"ಅದಾದ್ರೆ ಯಾರೂ ಕೇಳಕಿಲ್ಲ ಬುಡಿ."

"ಕೇಳಿಸ್ಕೊಂಡ್ರಾ ಸಿದ್ದಮ್ಮ? ನಿಮ್ಮ ದುಡಿಮೆ ಮುಚ್ಚೋಕೆ ಇಟ್ಟ ಹೆಸರು ನಿಮ್ಮ ಮಗಳನ್ನೂ ಮುಚ್ಚುತ್ತೆ."

ಮೇಡಂ ಹೋದ ಮೇಲೂ ಸಿದ್ದಮ್ಮನ ಅನುಮಾನ ಹೋಗಲಿಲ್ಲ: ಈಯಮ್ಮನಿಗೆ ಇದರಿಂದ ಏನು ಲಾಭ? ಆದರೆ ಅಂದು ಮೊದಲ ಸಲ ಗಂಡನ ಮಾತಿನ ಮೇಲೂ ಅನುಮಾನ ಹುಟ್ಟಿತು. ಮಗಳು ಪಾಠ ಒಪ್ಪಿಸುತ್ತಿದ್ದುದನ್ನು ಕೇಳುತ್ತಾ ಅವಳಿಗೆ ಅಳು ಬಂತು.

ಮರುದಿನ ಸಂಜೆ ತೂಕದ ಹೊತ್ತಿಗೆ ಅವಳು ತಾನು ಕಿತ್ತ ಹಣ್ಣನ್ನು ಗಂಡನ ಮೂಟೆಗೆ ಸುರಿಯಲಿಲ್ಲ. ಚೀಲವನ್ನು ತಾನೇ ಎಳೆದು ತಂದು ತಕ್ಕಡಿಯ ಮುಂದಿಟ್ಟಳು.

"ಇದನ್ನ ಬ್ಯಾರೆ ತೂಗಿ ರೈಟ್ರೇ. ಸಿದ್ದಮ್ಮ ಅಂತ ಬರ್ಕಳಿ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪುಟ್ಟರಾಜು ಕೆಂಡವಾದ. "ತಲೆ ಕೆಟ್ಟೈತಾ ನಿಂಗೆ? ನಾಳೆ ನಂಗೆ ಕೈಸಹಾಯಕ್ಕೆ ಯಾರು?"

"ಯಾರೂ ಇಲ್ಲ." ಸಿದ್ದಮ್ಮ ಚೀಲವನ್ನು ತಕ್ಕಡಿಯ ಮೇಲೆ ಎತ್ತಿಟ್ಟಳು. "ನಾನು ಕೆಲ್ಸಕ್ಕೆ ಬತ್ತೀನಿ. ಯಮುನ ಸ್ಕೂಲಿಗೆ ಹೋಯ್ತಾಳೆ."